ವೆಬ್ ಪುಟದ ರಚನೆ: ಕೋಷ್ಟಕವೋ, ಶೈಲಿಪತ್ರವೋ?



ಪಂಚಾಂಗದ ಪರಿಚಯವಿಲ್ಲದ ಮನೆ ನಮ್ಮಲ್ಲಿ ವಿರಳ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳಿಗೆ ಒಂದೊಂದು ಕಂಬಸಾಲು, ದಿನಕ್ಕೊಂದು ಅಡ್ಡಸಾಲು. ಅಡ್ಡಸಾಲಿನ ಮೇಲೆ ಬೆರಳಿಟ್ಟು, ಕಂಬಸಾಲಿನ ತಲೆಬರಹವನ್ನು ನೋಡಿಕೊಂಡರೆ ಆ ಮನೆಯಲ್ಲಿ ಬರೆದಿರುವುದರ ಅರ್ಥ ತಾನಾಗಿ ಹೊಳೆಯುತ್ತದೆ. ಇಂಥ ಪಟ್ಟಿಗೆ ಕೋಷ್ಟಕವೆಂದು ಹೆಸರು. ಮಗ್ಗಿಯ ಪುಸ್ತಕ, ಶಾಲೆಯ ವೇಳಾಪಟ್ಟಿ, ಬಸ್ ನಿಲ್ದಾಣದ ಗೋಡೆಯ ಮೇಲಿನ ಹೊತ್ತಿನ ಪಟ್ಟಿ, ಇವೆಲ್ಲ ಕೋಷ್ಟಕಗಳೇ. ಕೋಷ್ಟಕವು ಬಹಳ ಹಳೆಯದಾದ, ಬಹಳ ಉಪಯುಕ್ತವಾದ ಸಾಧನ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಆದರೆ ಈ ಸಾಧನವು ಒಂದು ಕಾಲದಲ್ಲಿ ತನ್ನದಲ್ಲದ ಕೆಲಸಕ್ಕೆ ನಿಯುಕ್ತವಾಯಿತು. ಕಂಪ್ಯೂಟರಿನಲ್ಲಿ ನಾವು ನೋಡುವ ವೆಬ್ ಪುಟಗಳನ್ನು ಕಟ್ಟುವವರು, ಪುಟದ ಎಡಕ್ಕೆ ಪರಿವಿಡಿ, ನಡುವೆ ಲೇಖನ, ಬಲಕ್ಕೆ ಜಾಹೀರಾತು ಎಂದು ಅಂಗಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸುವುದಕ್ಕೆ ಕೋಷ್ಟಕವನ್ನು ಹಿಡಿದರು. ಆಮೇಲೆ ಇದೇ ಕೆಲಸಕ್ಕಾಗಿಯೇ ಹುಟ್ಟಿದ ಇನ್ನೊಂದು ಸಾಧನ ಬಂದಿತು. ಅದನ್ನು ಸಿಎಸ್‌ಎಸ್ ಎನ್ನುತ್ತಾರೆ, ನಾವು ಶೈಲಿಪತ್ರವೆನ್ನೋಣ. ಎರಡರಲ್ಲಿ ಯಾವುದನ್ನು ಆರಿಸಬೇಕು ಎಂಬ ವಾದ ಬಹಳ ವರ್ಷಗಳ ಕಾಲ ಬಿಸಿಬಿಸಿಯಾಗಿ ನಡೆಯಿತು.

ಇದು ಯಂತ್ರಜ್ಞರ ಮನೆಯ ಜಗಳ, ಗೃಹಸ್ಥರಾದ ನಮಗೇಕೆ ಎಂದು ತಾವು ಕೇಳಬಹುದು. ಪರೀಕ್ಷೆಯ ಫಲಿತಾಂಶ, ಜಮೀನಿನ ಪಹಣಿ, ರೈಲಿನ ವೇಳೆ, ವಿದ್ಯುತ್ತಿನ ಬಿಲ್ಲು, ಎಲ್ಲವೂ ಈಗ ವೆಬ್ ಪುಟಗಳಲ್ಲಿ ದೊರೆಯುತ್ತವೆ. ನಿಮ್ಮ ಅಂಗಡಿಗೋ, ಸಂಘಕ್ಕೋ, ಊರಿನ ಶಾಲೆಗೋ ಒಂದು ಪುಟವನ್ನು ಮಾಡಿಸಬೇಕಾದ ಸಂದರ್ಭ ನಾಳೆ ನಿಮಗೇ ಬಂದೀತು. ಪುಟವನ್ನು ಕಟ್ಟಿದ ರೀತಿಯ ಮೇಲೆ, ಅದನ್ನು ಯಾರು ಓದಬಲ್ಲರು, ಯಾರು ಓದಲಾರರು ಎಂಬುದು ನಿಂತಿದೆ. ಆದ್ದರಿಂದ ಈ ಮಾತು ನಮಗೂ ಸೇರಿದ್ದು.

ಮೊದಲು ಸ್ವಲ್ಪ ಪೂರ್ವೇತಿಹಾಸ. ಜಿನೀವಾ ನಗರದ ಬಳಿ ಇರುವ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ೧೯೮೯ರಲ್ಲಿ ವೆಬ್ಬಿನ ಯೋಜನೆಯನ್ನು ಮುಂದಿಟ್ಟರು. ಸಂಶೋಧಕರು ತಮ್ಮ ಬರಹಗಳನ್ನು ಪರಸ್ಪರ ಹಂಚಿಕೊಳ್ಳಲು ಅನುಕೂಲವಾಗಲೆಂಬುದು ಅದರ ಉದ್ದೇಶ. ಬರಹವನ್ನು ಗುರುತಿಸಲು ಅವರು ರೂಪಿಸಿದ ಭಾಷೆಗೆ ಎಚ್‌ಟಿಎಮ್‌ಎಲ್ ಎಂದು ಹೆಸರಾಯಿತು. ವಾಕ್ಯವನ್ನು ಬಿಡಿಸಿ, ಇದು ನಾಮಪದ, ಇದು ಕ್ರಿಯಾಪದ, ಇದು ಅವ್ಯಯ ಎಂದು ವ್ಯಾಕರಣದಲ್ಲಿ ಗುರುತು ಹಾಕುತ್ತೇವಷ್ಟೆ? ಈ ಭಾಷೆಯ ಕೆಲಸವೂ ಹಾಗೆಯೇ. ಇದು ತಲೆಬರಹ, ಇದು ಪರಿಚ್ಛೇದ, ಇದು ಪಟ್ಟಿ ಎಂದು ಬರಹದ ಒಂದೊಂದು ಭಾಗದ ಜಾತಿಯನ್ನು ಅದು ಹೇಳುತ್ತದೆ. ಆ ಭಾಗ ಯಾವ ಬಣ್ಣದಲ್ಲಿ, ಯಾವ ಮೂಲೆಯಲ್ಲಿ ಕಾಣಬೇಕೆಂಬುದು ಅದರ ಮುಖ್ಯ ಚಿಂತೆಯಾಗಿರಲಿಲ್ಲ.

ಕೋಷ್ಟಕವನ್ನು ತೋರಿಸುವ ಶಕ್ತಿ ೧೯೯೫ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರಿಗೆ ಬಂದಿತು. ಅಂಕಿ ಅಂಶಗಳಿಗಾಗಿ ಬಂದ ಆ ಸೌಕರ್ಯದಲ್ಲಿ ಪುಟಗಾರರು ಬೇರೊಂದು ಉಪಾಯವನ್ನು ಕಂಡರು. ಕೋಷ್ಟಕದ ಗೆರೆಗಳನ್ನು ಅಳಿಸಿಬಿಟ್ಟರೆ ಮನೆಗಳು ಮಾತ್ರ ಉಳಿಯುತ್ತವೆ. ಒಂದು ಮನೆಯಲ್ಲಿ ಪರಿವಿಡಿಯನ್ನೂ ಇನ್ನೊಂದರಲ್ಲಿ ಲೇಖನವನ್ನೂ ಇಟ್ಟರೆ, ಮುದ್ರಿಸಿದ ಪತ್ರಿಕೆಯ ಪುಟದಂತೆ ಎಲ್ಲವೂ ಅಚ್ಚುಕಟ್ಟಾಗಿ ನಿಲ್ಲುತ್ತವೆ. ಒಂದು ಕೋಷ್ಟಕ ಸಾಲದೆ ಹೋದಾಗ ಮನೆಯೊಳಗೆ ಮತ್ತೊಂದು ಕೋಷ್ಟಕ, ಅದರೊಳಗೆ ಇನ್ನೊಂದು. ನಡುವೆ ಜಾಗ ಬಿಡಬೇಕಾದರೆ ಕಣ್ಣಿಗೆ ಕಾಣದ, ಒಂದು ಚುಕ್ಕೆಯಷ್ಟೇ ಇರುವ ಪಾರದರ್ಶಕ ಚಿತ್ರವನ್ನು ಬೇಕಾದಷ್ಟು ಅಗಲಕ್ಕೆ ಹಿಗ್ಗಿಸಿ ಇಡುತ್ತಿದ್ದರು. ಡೇವಿಡ್ ಸೀಗೆಲ್ ಎಂಬವರು ೧೯೯೬ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಈ ಉಪಾಯಗಳನ್ನು ಲೋಕಪ್ರಿಯಗೊಳಿಸಿತು.

ಆ ಕಾಲದವರನ್ನು ನಾವು ದೂಷಿಸಲಾಗದು. ಬಾಗಿಲಿಗೆ ಅಗುಳಿಯಿಲ್ಲದ ಮನೆಯಲ್ಲಿ ರಾತ್ರಿ ಒನಕೆಯನ್ನು ಅಡ್ಡ ಕೊಟ್ಟು ಮಲಗುವುದುಂಟು. ಅದು ವಿವೇಕವೇ. ಆದರೆ ಬಡಗಿ ಬಂದು ಅಗುಳಿಯನ್ನು ಕೂರಿಸಿದ ಮೇಲೂ ಒನಕೆಯನ್ನೇ ನಿಲ್ಲಿಸುತ್ತಿದ್ದರೆ, ಬತ್ತ ಕುಟ್ಟುವುದಕ್ಕೂ ತೊಂದರೆ, ನಡುರಾತ್ರಿ ಎದ್ದು ಬಾಗಿಲು ತೆಗೆಯುವವರಿಗೂ ತೊಂದರೆ.

ಅಗುಳಿಯನ್ನು ತಂದ ಬಡಗಿ ಯಾರು? ನಾರ್ವೆ ದೇಶದ ಹಾಕೊನ್ ವಿಯುಮ್ ಲೀ ಎಂಬವರು. ಸರ್ನ್ ಸಂಸ್ಥೆಯಲ್ಲಿದ್ದಾಗ ೧೯೯೪ರ ಅಕ್ಟೋಬರಿನಲ್ಲಿ ಅವರು ಶೈಲಿಪತ್ರದ ಸೂಚನೆಯನ್ನು ಮಂಡಿಸಿದರು. ನೆದರ್‌ಲೆಂಡ್ಸಿನ ಬರ್ಟ್ ಬಾಸ್ ಅವರ ಜೊತೆಗೂಡಿದರು. ೧೯೯೬ರ ಡಿಸೆಂಬರಿನಲ್ಲಿ ಅದರ ಮೊದಲನೆಯ ಆವೃತ್ತಿ ಅಧಿಕೃತ ಶಿಫಾರಸಾಗಿ ಹೊರಬಂದಿತು. ಅದರ ತತ್ತ್ವ ಸರಳವಾದದ್ದು: ಬರಹ ಒಂದು ಕಡೆ ಇರಲಿ, ಅದರ ಉಡುಪು ಇನ್ನೊಂದು ಕಡೆ ಇರಲಿ. ತಲೆಬರಹಗಳೆಲ್ಲ ಇಂಥ ಬಣ್ಣ, ಪರಿವಿಡಿ ಎಡಕ್ಕೆ, ಲೇಖನ ನಡುವೆ ಎಂಬ ಅಪ್ಪಣೆಗಳನ್ನೆಲ್ಲ ಬೇರೆಯೇ ಒಂದು ಪತ್ರದಲ್ಲಿ ಬರೆದಿಡಬೇಕು. ನೂರು ಪುಟಗಳಿದ್ದರೂ ಪತ್ರ ಒಂದೇ. ಅದರಲ್ಲಿ ಒಂದು ಸಾಲನ್ನು ತಿದ್ದಿದರೆ ನೂರು ಪುಟಗಳೂ ತಿದ್ದಿದಂತಾಗುತ್ತವೆ. ಕೋಷ್ಟಕದ ಕಾಲದಲ್ಲಾದರೋ ನೂರು ಪುಟಗಳನ್ನು ನೂರು ಸಲ ತೆರೆದು, ಒಂದೊಂದು ಮನೆಗೂ ಬಣ್ಣ ಬಳಿಯಬೇಕಾಗಿತ್ತು.

ದೇವಸ್ಥಾನದ ಉತ್ಸವಮೂರ್ತಿಯನ್ನು ನೆನೆಯಿರಿ. ಒಂದು ದಿನ ಬೆಣ್ಣೆಯ ಅಲಂಕಾರ, ಮತ್ತೊಂದು ದಿನ ಹೂವಿನದು, ಇನ್ನೊಂದು ದಿನ ಗಂಧದ್ದು. ಅಲಂಕಾರಗಳು ಬದಲಾಗುತ್ತವೆ, ಮೂರ್ತಿ ಅದೇ. ಹೂವಿನ ಹಾರವನ್ನು ಕಲ್ಲಿನಲ್ಲೇ ಕೆತ್ತಿಬಿಟ್ಟರೆ ನಾಳೆ ಬೆಣ್ಣೆಗೆ ಎಡೆಯೆಲ್ಲಿ? ಕೆನಡಾ ದೇಶದ ಡೇವ್ ಶೇ ಎಂಬವರು ೨೦೦೩ರಲ್ಲಿ ಇದನ್ನೇ ಪ್ರತ್ಯಕ್ಷವಾಗಿ ತೋರಿಸಿಕೊಟ್ಟರು. ಸಿಎಸ್‌ಎಸ್ ಜೆನ್ ಗಾರ್ಡನ್ ಎಂಬ ಅವರ ತಾಣದಲ್ಲಿ ಬರಹ ಒಂದೇ; ಅದಕ್ಕೆ ಬೇರೆ ಬೇರೆ ವಿನ್ಯಾಸಕಾರರು ಬೇರೆ ಬೇರೆ ಶೈಲಿಪತ್ರಗಳನ್ನು ಬರೆದು ಕಳುಹಿಸಿದರು. ಒಂದು ತೋಟದಂತೆ, ಒಂದು ಭಿತ್ತಿಪತ್ರದಂತೆ, ಒಂದು ಹಳೆಯ ಪುಸ್ತಕದಂತೆ ಕಂಡಿತು. ಬರಹದಲ್ಲಿ ಮಾತ್ರ ಒಂದಕ್ಷರವೂ ಬದಲಾಗಿರಲಿಲ್ಲ.

ಇಷ್ಟು ಒಳ್ಳೆಯ ಸಾಧನ ೧೯೯೬ರಲ್ಲೇ ಸಿದ್ಧವಾಗಿದ್ದರೆ ಜನ ಕೋಷ್ಟಕಕ್ಕೆ ಏಕೆ ಅಂಟಿಕೊಂಡರು? ಅದಕ್ಕೂ ಕಾರಣವುಂಟು. ಆ ದಿನಗಳ ಬ್ರೌಸರುಗಳು ಶೈಲಿಪತ್ರವನ್ನು ಅರೆಬರೆಯಾಗಿ, ತಮತಮಗೆ ತೋಚಿದಂತೆ ಅರ್ಥಮಾಡಿಕೊಳ್ಳುತ್ತಿದ್ದವು. ಒಂದರಲ್ಲಿ ಸರಿಯಾಗಿ ಕಂಡದ್ದು ಇನ್ನೊಂದರಲ್ಲಿ ಚೆಲ್ಲಾಪಿಲ್ಲಿ. ಎಲ್ಲರೂ ಒಂದೇ ನಿಯಮವನ್ನು ಪಾಲಿಸಬೇಕೆಂದು ಒತ್ತಾಯಿಸುವುದಕ್ಕಾಗಿಯೇ ೧೯೯೮ರಲ್ಲಿ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ಎಂಬ ಕೂಟ ಹುಟ್ಟಿಕೊಂಡಿತು. ಅಲ್ಲದೆ ಕೋಷ್ಟಕದ ಪಕ್ಷದವರ ಬಳಿ ಗಟ್ಟಿಯಾದ ವಾದಗಳೂ ಇದ್ದವು. ಅಕ್ಕಪಕ್ಕದ ಕಂಬಸಾಲುಗಳನ್ನು ಒಂದೇ ಎತ್ತರಕ್ಕೆ ತರುವುದು, ವಸ್ತುವನ್ನು ಮೇಲುಕೆಳಗುಗಳ ನಟ್ಟನಡುವೆ ಕೂರಿಸುವುದು ಕೋಷ್ಟಕಕ್ಕೆ ಸಹಜ. ಶೈಲಿಪತ್ರದಲ್ಲಿ ಅದಕ್ಕಾಗಿ ನಾನಾ ಕಸರತ್ತುಗಳನ್ನು ಮಾಡಬೇಕಾಗಿತ್ತು. ಈ ವಾದ ಅಂದಿಗೆ ಸತ್ಯವಾಗಿತ್ತು. ಆದರೆ ೨೦೧೭ರ ಮಾರ್ಚಿನಲ್ಲಿ ಗ್ರಿಡ್ ಎಂಬ ಹೊಸ ವಿಧಾನವನ್ನು ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಬ್ರೌಸರುಗಳು ಒಂದೇ ತಿಂಗಳಲ್ಲಿ ಅಳವಡಿಸಿಕೊಂಡವು. ಅಡ್ಡಸಾಲು ಕಂಬಸಾಲುಗಳ ಚೌಕಟ್ಟನ್ನು ಶೈಲಿಪತ್ರದಲ್ಲಿಯೇ ಬರೆದು, ಯಾವ ಭಾಗ ಯಾವ ಎಡೆಯಲ್ಲಿ ನಿಲ್ಲಬೇಕೆಂದು ಹೇಳುವುದು ಸಾಧ್ಯವಾಯಿತು. ಅಲ್ಲಿಗೆ ಆ ವಾದ ಮುಗಿದಂತೆ.

ಇಷ್ಟರವರೆಗೆ ಹೇಳಿದ್ದು ಕಣ್ಣಿನ ವಿಷಯ. ಇನ್ನು ಕಿವಿಯ ವಿಷಯಕ್ಕೆ ಬರೋಣ. ರೇಡಿಯೋ ಇಟ್ಟುಕೊಂಡ ಮನೆಯವರಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರೇಡಿಯೋದಲ್ಲಿ ಎಡ ಬಲಗಳಿಲ್ಲ, ಮೇಲೆ ಕೆಳಗೆಂಬುದಿಲ್ಲ. ಒಂದಾದ ಮೇಲೊಂದು ಮಾತು, ಅಷ್ಟೆ. ವೆಬ್ ಪುಟವನ್ನೂ ಹೀಗೆ ಕಿವಿಯಿಂದಲೇ ಓದುವ ಜನರಿದ್ದಾರೆ. ದೃಷ್ಟಿಯಿಲ್ಲದವರಿಗಾಗಿ ಸ್ಕ್ರೀನ್ ರೀಡರ್ ಎಂಬ ಸಾಧನವುಂಟು. ಅದು ಪುಟದಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ೨೦೦೬ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಎನ್‌ವಿಡಿಎ ಎಂಬ ಸಾಧನವನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. ಅದರಲ್ಲಿ ಕನ್ನಡವನ್ನು ನುಡಿಯುವ ಧ್ವನಿಯೂ ಇದೆ.

ಈ ಸಾಧನವು ಓದುವುದು ಕಣ್ಣಿಗೆ ಕಾಣುವ ಕ್ರಮದಲ್ಲಲ್ಲ; ಬರಹವನ್ನು ಬರೆದಿಟ್ಟಿರುವ ಕ್ರಮದಲ್ಲಿ. ಕೋಷ್ಟಕವಾದರೆ ಮೊದಲನೆಯ ಅಡ್ಡಸಾಲಿನ ಮನೆಗಳು, ಆಮೇಲೆ ಎರಡನೆಯದರವು. ಒಂದು ಪುಟದಲ್ಲಿ ಅಕ್ಕಪಕ್ಕ ಎರಡು ಸುದ್ದಿಗಳಿವೆ ಎನ್ನಿ. ಮೇಲಿನ ಅಡ್ಡಸಾಲಿನಲ್ಲಿ ಎರಡರ ತಲೆಬರಹ, ಕೆಳಗಿನದರಲ್ಲಿ ಎರಡರ ಒಡಲು. ಕಣ್ಣಿಗೆ ಎಲ್ಲವೂ ಸರಿಯಾಗಿದೆ. ಕಿವಿಗೆ ಕೇಳಿಸುವುದು ಹೀಗೆ: “ಮಳೆಯ ವರದಿ. ಸಂಗೀತ ಕಚೇರಿ. ನಿನ್ನೆ ರಾತ್ರಿ ಗುಡುಗು ಸಿಡಿಲುಗಳಿಂದ ಕೂಡಿ ಸತತವಾಗಿ ಮೂರು ಗಂಟೆ ಸುರಿಯಿತು. ಸಭಿಕರು ಮೆಚ್ಚಿ ತಲೆದೂಗಿದರು.” ಮುಳ್ಳು ಎರಡು ಕೇಂದ್ರಗಳ ನಡುವೆ ನಿಂತ ರೇಡಿಯೋವನ್ನು ಕೇಳಿದವರಿಗೆ ಈ ಅವಸ್ಥೆ ಗೊತ್ತು. ಇಂದಿನ ಕೆಲವು ಸ್ಕ್ರೀನ್ ರೀಡರುಗಳು, ಇದು ಬರೀ ಅಂದಕ್ಕೆ ಹಾಕಿದ ಕೋಷ್ಟಕವಿರಬೇಕೆಂದು ಊಹಿಸಿ “ಕೋಷ್ಟಕ, ಎರಡು ಅಡ್ಡಸಾಲು” ಎಂದು ಕೂಗುವುದನ್ನು ಬಿಡುತ್ತವೆ. ಆದರೆ ಕೆಟ್ಟ ಕ್ರಮವನ್ನು ತಿದ್ದುವ ಬುದ್ಧಿ ಅವುಗಳಿಗಿಲ್ಲ. ೧೯೯೯ರ ಮೇ ತಿಂಗಳಲ್ಲಿ ಪ್ರಕಟವಾದ ವೆಬ್ ಸುಗಮತೆಯ ಮಾರ್ಗಸೂಚಿಯೇ, ಸಾಲಾಗಿ ಓದಿದಾಗ ಅರ್ಥವಾಗದಂಥ ಕೋಷ್ಟಕವನ್ನು ವಿನ್ಯಾಸಕ್ಕೆ ಬಳಸಬಾರದೆಂದು ಎಚ್ಚರಿಸಿತ್ತು.

ಹಾಗಾದರೆ ಕೋಷ್ಟಕವನ್ನು ಪೂರ್ತಿಯಾಗಿ ಓಡಿಸಿಬಿಡೋಣವೇ? ಇಲ್ಲಿ ಎರಡನೆಯ ದೋಷ ಕಾದಿದೆ. ಕೋಷ್ಟಕ ಕೆಟ್ಟದ್ದೆಂಬ ಕೂಗು ಎದ್ದ ಮೇಲೆ ಕೆಲವರು, ನಿಜವಾಗಿ ಕೋಷ್ಟಕವಾಗಬೇಕಾದದ್ದನ್ನೂ ಬಿಡಿ ಬಿಡಿ ತುಣುಕುಗಳಾಗಿ ಬರೆದು, ಶೈಲಿಪತ್ರದ ಬಲದಿಂದ ಪಟ್ಟಿಯಂತೆ ಕಾಣಿಸತೊಡಗಿದರು. ಕಣ್ಣು ಕಾಣದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಂಕಪಟ್ಟಿಯನ್ನು ತೆರೆಯುತ್ತಾಳೆಂದು ಭಾವಿಸಿ. ತುಣುಕುಗಳಿಂದ ಮಾಡಿದ ಪಟ್ಟಿಯಾದರೆ ಆಕೆಗೆ ಕೇಳಿಸುವುದು: “ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ೮೧, ೬೭, ೭೨, ೫೮.” ಯಾವುದಕ್ಕೆ ಎಷ್ಟು ಎಂದು ಬೆರಳು ಮಡಿಸಿ ಎಣಿಸಬೇಕು. ಸರಿಯಾದ ಕೋಷ್ಟಕವಾಗಿ ಬರೆದು, ತಲೆಬರಹದ ಮನೆಗಳನ್ನು ತಲೆಬರಹವೆಂದೇ ಗುರುತಿಸಿದ್ದರೆ, ಮನೆಯಿಂದ ಮನೆಗೆ ಹೋದಂತೆಲ್ಲ ಸಾಧನವು “ಗಣಿತ, ೭೨” ಎಂದು ಜೋಡಿಸಿಯೇ ಹೇಳುತ್ತದೆ. ನಮ್ಮ ಬೆರಳು ಪಂಚಾಂಗದ ಮೇಲೆ ಮಾಡುವ ಕೆಲಸವನ್ನು ಆಕೆಗೆ ಕೋಷ್ಟಕವೇ ಮಾಡಿಕೊಡುತ್ತದೆ. ತನ್ನ ಅಂಕಗಳನ್ನು ಇನ್ನೊಬ್ಬರಿಂದ ಓದಿಸಿಕೊಳ್ಳದೆ ತಾನೇ ತಿಳಿಯುವುದು ಆ ವಯಸ್ಸಿನ ಮಗುವಿಗೆ ಸಣ್ಣ ವಿಷಯವಲ್ಲ.

ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವೇ ಕಾವ್ಯದ ಜೀವವೆಂದು ಪ್ರತಿಪಾದಿಸಿದನು. ಆಭರಣ ಎಷ್ಟೇ ಬೆಲೆಯುಳ್ಳದ್ದಾಗಿರಲಿ, ಅದರ ಎಡೆಯಲ್ಲಿದ್ದರೆ ಮಾತ್ರ ಶೋಭೆ. ನಮ್ಮ ವಿಷಯಕ್ಕೂ ಇದೇ ಸೂತ್ರ. ಕೋಷ್ಟಕ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯೇ ಸರಿಯಲ್ಲ. ಹೇಳಬೇಕಾದ ವಿಷಯ ಸ್ವಭಾವತಃ ಅಡ್ಡಸಾಲು ಕಂಬಸಾಲುಗಳದ್ದೋ ಅಲ್ಲವೋ ಎಂಬುದೇ ಪ್ರಶ್ನೆ. ಶೈಲಿಪತ್ರವನ್ನು ಹಿಡಿದ ಮಾತ್ರಕ್ಕೆ ಎಲ್ಲ ದೋಷಗಳೂ ಕಳೆದುವೆಂದೂ ತಿಳಿಯಬಾರದು. ಕೊನೆಯಲ್ಲಿ ಬರೆದದ್ದನ್ನು ಮೊದಲಲ್ಲಿ ಕಾಣಿಸುವ ಶಕ್ತಿ ಶೈಲಿಪತ್ರಕ್ಕೂ ಇದೆ. ಕಣ್ಣಿಗೆ ಒಂದು ಕ್ರಮ, ಕಿವಿಗೆ ಇನ್ನೊಂದು ಕ್ರಮವಾದರೆ ಹಳೆಯ ರೋಗವೇ ಹೊಸ ಹೆಸರಿನಿಂದ ಮರಳಿ ಬಂದಂತೆ.

ಕನ್ನಡದ ಪುಟಗಳಿಗೆ ಈ ವಿವೇಚನೆ ಇನ್ನೂ ಅಗತ್ಯ. ಕೋಷ್ಟಕದ ಕಂಬಸಾಲು ಸಾಮಾನ್ಯವಾಗಿ, ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ. ನಮ್ಮ ಭಾಷೆಯಲ್ಲಾದರೋ ಸಂಧಿ ಸಮಾಸ ವಿಭಕ್ತಿಗಳು ಸೇರಿ ಪದಗಳು ಬೆಳೆಯುತ್ತವೆ. “ವಿದ್ಯಾರ್ಥಿವೇತನಕ್ಕಾಗಿ” ಎಂಬ ಒಂದೇ ಪದ ಬಂದರೆ ಸಾಕು, ಆ ಕಂಬಸಾಲು ಹಿಗ್ಗಿ ಪಕ್ಕದ್ದನ್ನು ತಳ್ಳುತ್ತದೆ. ಮೊಬೈಲಿನ ಕಿರಿದಾದ ತೆರೆಯಲ್ಲಿ ಅರ್ಧ ಪುಟ ಅಂಚಿನಾಚೆ ಬೀಳುತ್ತದೆ. ನಮ್ಮ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಹೆಚ್ಚು ಎಡೆ ಬೇಕು. ಶೈಲಿಪತ್ರವಿದ್ದರೆ ಒಂದೇ ಕಡೆ ಆ ಅಂತರವನ್ನು ಹೇಳಿ ಮುಗಿಸಬಹುದು. ಅಂದದ ಅಕ್ಷರಗಳಿಗಾಗಿ ಕನ್ನಡದ ತಲೆಬರಹಗಳನ್ನು ಚಿತ್ರಗಳಾಗಿ ಮಾಡಿ ಕೋಷ್ಟಕದ ಮನೆಗಳಲ್ಲಿ ಹೊಂದಿಸಿಡುವ ಪದ್ಧತಿಯೂ ಇತ್ತು. ಚಿತ್ರವಾದ ಅಕ್ಷರವನ್ನು ಸ್ಕ್ರೀನ್ ರೀಡರ್ ಓದಲಾರದು; ಹುಡುಕಿದರೆ ಸಿಕ್ಕದು; ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಯೂನಿಕೋಡ್ ಕನ್ನಡ ಎಲ್ಲೆಡೆ ಬಳಕೆಗೆ ಬಂದಿರುವಾಗ ಹೀಗೆ ಮಾಡಲು ಕಾರಣವೇ ಇಲ್ಲ.

ಮೊಬೈಲಿನ ಮಾತು ಬಂದಿತು. ಈಥನ್ ಮಾರ್ಕಾಟ್ ಎಂಬವರು ೨೦೧೦ರಲ್ಲಿ ಬರೆದ ಲೇಖನವೊಂದು, ಒಂದೇ ಪುಟ ತೆರೆಯ ಅಗಲಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳಬೇಕೆಂಬ ವಿಚಾರವನ್ನು ಮುಂದಿಟ್ಟಿತು. ದೊಡ್ಡ ತೆರೆಯಲ್ಲಿ ಮೂರು ಕಂಬಸಾಲು, ಅಂಗೈಯಗಲದ ತೆರೆಯಲ್ಲಿ ಒಂದರ ಕೆಳಗೊಂದು. ಉಡುಪು ಬೇರೆ ಪತ್ರದಲ್ಲಿದ್ದುದರಿಂದಲೇ ಇದು ಸುಲಭವಾಯಿತು.

ಒಂದು ಅಪವಾದವನ್ನು ಹೇಳದಿದ್ದರೆ ಅನ್ಯಾಯವಾದೀತು. ಮಿಂಚಂಚೆಯಲ್ಲಿ ಬರುವ ಅಲಂಕೃತ ಪತ್ರಗಳು ಬಹುಕಾಲ ಕೋಷ್ಟಕವನ್ನೇ ಆಶ್ರಯಿಸಿಕೊಂಡು ಬಂದಿವೆ. ೨೦೦೭ರ ಔಟ್‌ಲುಕ್ ಎಂಬ ಅಂಚೆಯ ತಂತ್ರಾಂಶವು ಪತ್ರಗಳನ್ನು ತೋರಿಸಲು ಬ್ರೌಸರಿನ ಬದಲು ವರ್ಡ್ ಎಂಬ ಬರವಣಿಗೆಯ ತಂತ್ರಾಂಶದ ರೀತಿಯನ್ನು ಹಿಡಿಯಿತು. ಅದಕ್ಕೆ ಶೈಲಿಪತ್ರದ ಅನೇಕ ಅಪ್ಪಣೆಗಳು ತಿಳಿಯುತ್ತಿರಲಿಲ್ಲ. ಅಂಥ ಕಡೆ ಕೋಷ್ಟಕ ಅನಿವಾರ್ಯವಾದರೆ, ಇದು ಅಂದಕ್ಕಾಗಿ ಮಾತ್ರ ಇದೆ ಎಂಬ ಗುರುತನ್ನು ಒಳಗೆ ಬರೆಯಲು ಅವಕಾಶವುಂಟು. ಅದನ್ನು ಕಂಡರೆ ಸ್ಕ್ರೀನ್ ರೀಡರ್ ಅದನ್ನು ಕೋಷ್ಟಕವೆಂದು ಹೇಳುವುದಿಲ್ಲ. ಮನೆಗಳ ಕ್ರಮವನ್ನು ಸರಿಯಾಗಿಡುವ ಹೊಣೆ ಮಾತ್ರ ಬರೆಯುವವರದೇ.

ಇನ್ನು ನೀವು ಪುಟವನ್ನು ಮಾಡಿಸುವಾಗ, ತಂತ್ರಜ್ಞಾನವನ್ನು ಕಲಿಯದೆಯೇ ಮಾಡಬಹುದಾದ ಮೂರು ಪರೀಕ್ಷೆಗಳನ್ನು ಹೇಳುತ್ತೇನೆ. ಮೊದಲನೆಯದು, ಪ್ರತಿಯೊಂದು ಕಂಬಸಾಲಿಗೂ ಒಂದು ತಲೆಬರಹ ಕೊಡಲು ಸಾಧ್ಯವೇ ನೋಡಿ. “ಹೆಸರು, ವಿಷಯ, ಅಂಕ” ಎಂದು ಕೊಡಲು ಬಂದರೆ ಅದು ಕೋಷ್ಟಕ. “ಪರಿವಿಡಿ, ಲೇಖನ, ಜಾಹೀರಾತು” ಎಂದು ತಡವರಿಸಬೇಕಾದರೆ ಅದು ಕೋಷ್ಟಕವಲ್ಲ, ವಿನ್ಯಾಸ. ಅದನ್ನು ಶೈಲಿಪತ್ರಕ್ಕೆ ಬಿಡಿ. ಎರಡನೆಯದು, ಪುಟವನ್ನು ಮೊಬೈಲಿನಲ್ಲಿ ತೆರೆದು ಅಕ್ಷರಗಳನ್ನು ದೊಡ್ಡದು ಮಾಡಿ. ಪೊರೆ ಬಂದ ಕಣ್ಣಿನ ಅಜ್ಜನವರು ಅದನ್ನು ಪಕ್ಕಕ್ಕೆ ಸರಿಸದೆ ಓದಬಲ್ಲರೇ? ಮೂರನೆಯದೇ ಮುಖ್ಯವಾದದ್ದು. ಫೈರ್‌ಫಾಕ್ಸ್ ಬ್ರೌಸರಿನ ಮೆನುವಿನಲ್ಲಿ ಪುಟದ ಶೈಲಿಯನ್ನು ತೆಗೆದು ನೋಡುವ ಸೌಲಭ್ಯವಿದೆ. ಉಡುಪೆಲ್ಲ ಕಳಚಿದ ಮೇಲೆ ಉಳಿದದ್ದನ್ನು ಮೇಲಿನಿಂದ ಕೆಳಕ್ಕೆ, ರೇಡಿಯೋದಲ್ಲಿ ವಾರ್ತೆ ಓದುವವರಂತೆ, ಮನೆಯವರೆದುರು ಗಟ್ಟಿಯಾಗಿ ಓದಿ. ಕೋಷ್ಟಕ ಕಂಡರೆ ಒಂದೊಂದು ಅಡ್ಡಸಾಲನ್ನೂ ಎಡದಿಂದ ಬಲಕ್ಕೆ ಓದಿ. ಕೇಳುವವರಿಗೆ ಅರ್ಥವಾದರೆ ಪುಟದ ರಚನೆ ಸರಿಯಾಗಿದೆ. ಅವರು ಹುಬ್ಬು ಗಂಟಿಕ್ಕಿದರೆ ಪುಟಗಾರರನ್ನು ಮತ್ತೆ ಕರೆಸಿ.

ಹಣ ಕೊಟ್ಟು ಮಾಡಿಸುವವರು ಇಷ್ಟನ್ನು ಕೇಳಿದರೆ ಮಾಡುವವರು ಮಾಡಿಯೇ ಕೊಡುತ್ತಾರೆ. ಕೇಳುವವರಿಲ್ಲದ ಕಡೆ ಕಣ್ಣಿಗೆ ಚೆಂದ ಕಂಡರೆ ಸಾಕೆಂದು ಕೆಲಸ ಮುಗಿಸುತ್ತಾರೆ. ಆದ್ದರಿಂದ ಆಯ್ಕೆ ಕೊನೆಗೆ ನಮ್ಮ ನಿಮ್ಮ ಕೈಯಲ್ಲೇ ಇದೆ.